ನಗರಸಭೆಯ ಠರಾವು: ಒಂದು ಚರಂಡಿ ಕಾಮಗಾರಿಯ ಹಿಂದೆ ಹೋಗಿ ನೋಡೋಣ

ಸ್ಥಳೀಯ ಸಂಸ್ಥೆಗಳ ಪಾಠ ಬಂದರೆ ನಾವು ವಿಧಿಗಳ ಸಂಖ್ಯೆಯನ್ನೇ ಜಾಸ್ತಿ ಉರು ಹೊಡೆಯುತ್ತೇವೆ. ಸಭೆಯಲ್ಲಿ ಒಂದು ವಿಷಯ ಹೇಗೆ ಸಾಗುತ್ತದೆ ಅಂತ ಗೊತ್ತಾದರೆ ಆ ಸಂಖ್ಯೆಗಳು ತಾವಾಗಿಯೇ ನೆನಪಿರುತ್ತವೆ.

ಚೌಕಟ್ಟು ಇಷ್ಟೇ. ನಗರಗಳ ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಸಂವಿಧಾನದ 12ನೇ ಅನುಸೂಚಿಯಲ್ಲಿ ಈ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಕರ್ನಾಟಕದ ಸಣ್ಣ ನಗರಗಳು ನಡೆಯುವುದು 1964ರ ಪುರಸಭೆಗಳ ಕಾಯ್ದೆಯಡಿ. ಜನಸಂಖ್ಯೆ 20 ಸಾವಿರದಿಂದ 50 ಸಾವಿರದವರೆಗೆ ಇದ್ದರೆ ಪುರಸಭೆ, ಅಲ್ಲಿಂದ 3 ಲಕ್ಷದವರೆಗೆ ನಗರಸಭೆ. ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆ ಇದೆ.

ಈಗ ಒಂದು ವಾರ್ಡಿನ ಚರಂಡಿ ಕುಸಿದಿದೆ ಅಂದುಕೊಳ್ಳಿ. ಸದಸ್ಯರು ಪತ್ರ ಕೊಡುತ್ತಾರೆ. ಎಂಜಿನಿಯರ್ ಜಾಗ ನೋಡಿ ಅಂದಾಜು ಪಟ್ಟಿ ತಯಾರಿಸುತ್ತಾರೆ. ಅದು ಕಚೇರಿ ಟಿಪ್ಪಣಿಯ ಜೊತೆ ಪೌರಾಯುಕ್ತರ (ನಗರಸಭೆಯ ಮುಖ್ಯ ಅಧಿಕಾರಿಯ) ಮೇಜಿಗೆ ಹೋಗಿ, ಆಮೇಲೆ ಅಜೆಂಡಾಕ್ಕೆ ಬರುತ್ತದೆ. ಕಾಯ್ದೆಯ ಪ್ರಕಾರ ಸಾಮಾನ್ಯ ಸಭೆ ತಿಂಗಳಿಗೊಮ್ಮೆಯಾದರೂ ಸೇರಬೇಕು. ಸಭೆ ತಪ್ಪಿದರೆ ಚರಂಡಿಯೂ ಕಾಯುತ್ತದೆ.

ಅಜೆಂಡಾ ಓದುವುದನ್ನು ಚೆನ್ನಾಗಿ ರೂಢಿಸಿಕೊಳ್ಳಿ. ಸಾಮಾನ್ಯವಾಗಿ ಮೊದಲು ಹಿಂದಿನ ಸಭೆಯ ನಡಾವಳಿ (ಸಭೆಯಲ್ಲಿ ನಡೆದದ್ದರ ಲಿಖಿತ ದಾಖಲೆ) ಓದಿ ದೃಢೀಕರಿಸುತ್ತಾರೆ. ಆಮೇಲೆ ಜಮಾ-ಖರ್ಚು. ಕೊನೆಗೆ ‘ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು’. ನನಗೆ ತುಂಬಾ ಮುಖ್ಯ ಅನ್ನಿಸುವುದು ಈ ಕೊನೆಯ ಸಾಲೇ. ಇಲ್ಲಿ ಬರುವ ವಿಷಯಕ್ಕೆ ಮುಂಚೆ ಟಿಪ್ಪಣಿ ಹಂಚಿರುವುದಿಲ್ಲ. ಸದಸ್ಯರಿಗೆ ಓದಿ ತಯಾರಾಗಲು ಸಮಯವೇ ಇರುವುದಿಲ್ಲ. ‘ಘಟನೋತ್ತರ ಮಂಜೂರಾತಿ’ ಕಂಡರೂ ಸ್ವಲ್ಪ ನಿಲ್ಲಿ. ಕೆಲಸ ಅಥವಾ ಖರ್ಚು ಮೊದಲೇ ಆಗಿದೆ, ಸಭೆಯ ಒಪ್ಪಿಗೆ ಈಗ ಕೇಳುತ್ತಿದ್ದಾರೆ ಅಂತ ಅರ್ಥ. ತುರ್ತು ಇದ್ದಾಗ ಅದು ಸರಿಯೇ. ಪ್ರತಿ ಸಭೆಯಲ್ಲೂ ಅದೇ ಆದರೆ ಚರ್ಚೆಗೆ ಬೆಲೆ ಎಲ್ಲಿ ಉಳಿಯುತ್ತದೆ?

ಮತ ಯಾರಿಗಿದೆ? ಚುನಾಯಿತ ಸದಸ್ಯರಿಗೆ ಇದೆ. ಆ ಪ್ರದೇಶದ ಶಾಸಕರು, ಸಂಸದರೂ ಸದಸ್ಯರೇ. ಸರ್ಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರು ಮಾತಾಡಬಹುದು, ಮತ ಹಾಕುವಂತಿಲ್ಲ (ವಿಧಿ 243ಆರ್). ಪರೀಕ್ಷೆಯಲ್ಲಿ ಇಲ್ಲಿ ಎಡವುವವರು ಜಾಸ್ತಿ. ಪೌರಾಯುಕ್ತರು ಸದಸ್ಯರಲ್ಲ, ಅಧಿಕಾರಿ. ಅವರಿಗೆ ಮತವಿಲ್ಲ, ಆದರೆ ಠರಾವನ್ನು, ಅಂದರೆ ಸಭೆಯ ನಿರ್ಣಯವನ್ನು, ಜಾರಿ ಮಾಡಬೇಕಾದವರು ಅವರೇ.

ಠರಾವು ಪಾಸಾಯಿತು ಅಂದ ಮಾತ್ರಕ್ಕೆ ಚರಂಡಿ ಕೆಲಸ ಶುರುವಾಗುವುದಿಲ್ಲ. ಅನುದಾನ ಎಲ್ಲಿಂದ ಅಂತ ನೋಡಬೇಕು: ನಗರಸಭೆಯ ಸ್ವಂತ ನಿಧಿಯೋ, ರಾಜ್ಯ ಹಣಕಾಸು ಆಯೋಗದ ಅನುದಾನವೋ, ಕೇಂದ್ರದ್ದೋ? ಅನುದಾನದ ಕೆಲಸಕ್ಕೆ ಕ್ರಿಯಾ ಯೋಜನೆ ಬೇಕು, ಅದಕ್ಕೆ ಮೇಲಿನವರ ಅನುಮೋದನೆ ಬೇಕು. ಆಮೇಲೆ ಟೆಂಡರ್. ಅದಕ್ಕೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ಠರಾವು ಕಾನೂನಿಗೆ ವಿರುದ್ಧವಾಗಿದ್ದರೆ ಅದನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿದೆ.

ಸಭೆಯೇ ಇಲ್ಲದ ಕಾಲವೂ ಬರುತ್ತದೆ. ಅವಧಿ 5 ವರ್ಷ. ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು, ವಿಸರ್ಜನೆ ಆದರೆ 6 ತಿಂಗಳೊಳಗೆ ಆಗಬೇಕು ಅನ್ನುತ್ತದೆ ವಿಧಿ 243ಯು. ಆದರೆ 2018ರಲ್ಲಿ ಚುನಾವಣೆ ನಡೆದ ಹಲವು ಊರುಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯ ಕೋರ್ಟಿಗೆ ಹೋಗಿ, 2020ರವರೆಗೂ ಅಧ್ಯಕ್ಷರ ಆಯ್ಕೆಯೇ ಆಗಲಿಲ್ಲ. ಗೆದ್ದ ಸದಸ್ಯರಿದ್ದರೂ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ತೀರ್ಮಾನ ಮಾಡುತ್ತಿದ್ದರು. ವಾರ್ಡಿನ ಜನ ಹಾಕಿದ ಮತಕ್ಕೆ ಇದು ಅನ್ಯಾಯ ಅಲ್ವಾ?

ನಿಮ್ಮೂರಿನ ಒಂದು ಸಭೆಯ ನಡಾವಳಿ ಸಿಕ್ಕರೆ ಓದಿ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಬಹುದು. ಯಾವುದಾದರೂ ಒಂದು ಠರಾವು ಆರಿಸಿಕೊಂಡು ಮೂರು ವಿಷಯ ಗುರುತು ಹಾಕಿ: ಹಣದ ಮೂಲ ಬರೆದಿದ್ದಾರಾ, ವಿರೋಧಿಸಿದವರ ಮಾತು ದಾಖಲಾಗಿದೆಯಾ, ಮುಂದಿನ ಸಭೆಯಲ್ಲಿ ಅದೇ ವಿಷಯ ಮತ್ತೆ ಬಂದಿದೆಯಾ.