ಸ್ಮಾಕಿಂಗ್ ದಿಂಬು: ಜಗ್ಗುವ ದಾರ, ಬಿಡುವ ದಾರ

ಹೊಲಿಗೆ ಕ್ಲಾಸಿಗೆ ಹೋದವರಿಗೆ ಸ್ಮಾಕಿಂಗ್ ಅಂದರೆ ಮಗುವಿನ ಫ್ರಾಕಿನ ಎದೆ ಮೇಲೆ ಹಾಕುವ ಹನಿಕೋಂಬ್, ಅಂದರೆ ಜೇನುಗೂಡಿನಂಥ ನೆರಿಗೆ ಕಸೂತಿ, ನೆನಪಾಗುತ್ತದೆ. ದಿಂಬಿನ ಮೇಲೆ ಮಾಡುವುದು ಬೇರೆ ಥರದ್ದು. ಅದನ್ನು ಕಲಿಯುವಾಗ ನನ್ನ ಎರಡು ಬಟ್ಟೆ ಹಾಳಾದವು, ಮೂರನೆಯದು ಕೈಗೆ ಹತ್ತಿತು. ಆಗ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡದ್ದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಮೆಷಿನ್ ಬೇಕಿಲ್ಲ. ಸೂಜಿ, ದಾರ, ಸ್ಕೇಲು ಇದ್ದರೆ ಆಯಿತು. ದಾವಣಗೆರೆಯ ಬೇಸಿಗೆ ಮಧ್ಯಾಹ್ನ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಎರಡು ಥರದ ಸ್ಮಾಕಿಂಗ್

ಫ್ರಾಕಿನ ಸ್ಮಾಕಿಂಗ್ ಇಂಗ್ಲೆಂಡಿನ ಕಡೆಯದು. 18 ಮತ್ತು 19ನೇ ಶತಮಾನದಲ್ಲಿ ಅಲ್ಲಿ ಹೊಲದಲ್ಲಿ ದುಡಿಯುವವರು ಸ್ಮಾಕ್ ಎಂಬ ದೊಗಳೆ ಅಂಗಿ ಹಾಕುತ್ತಿದ್ದರು. ಎದೆ, ಬೆನ್ನು, ಮುಂಗೈ ಹತ್ತಿರ ಬಟ್ಟೆಯನ್ನು ಸಣ್ಣ ಸಣ್ಣ ನೆರಿಗೆ ಮಾಡಿ, ಆ ನೆರಿಗೆಗಳ ಮೇಲೆ ಕಸೂತಿ ಹಾಕಿ ಹಿಡಿದಿಡುತ್ತಿದ್ದರು. ಇಲಾಸ್ಟಿಕ್ ಇಲ್ಲದೆಯೇ ಬಟ್ಟೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಕೆಲಸ ಮಾಡುವಾಗ ಕೈ ಆಡಿಸಲು ಅನುಕೂಲ. ಅಲ್ಲಿ ಮೊದಲು ನೆರಿಗೆ, ಆಮೇಲೆ ಕಸೂತಿ. ದಾರ ಮೇಲೆಯೇ ಕಾಣುತ್ತದೆ.

ದಿಂಬಿಗೆ ಮಾಡುವುದನ್ನು ಕೆನಡಿಯನ್ ಸ್ಮಾಕಿಂಗ್ ಅನ್ನುತ್ತಾರೆ. ಲ್ಯಾಟಿಸ್ ಸ್ಮಾಕಿಂಗ್ ಅಂತಲೂ ಕರೆಯುತ್ತಾರೆ. ಇದರಲ್ಲಿ ಮೊದಲು ನೆರಿಗೆ ಹಾಕುವುದಿಲ್ಲ. ಬಟ್ಟೆಯ ಉಲ್ಟಾ ಬದಿಯಲ್ಲಿ ಚುಕ್ಕಿ ಇಟ್ಟು, ಎರಡೆರಡು ಚುಕ್ಕಿಗಳನ್ನು ಸೂಜಿಯಿಂದ ಸೇರಿಸಿ ಗಂಟು ಹಾಕುತ್ತಾ ಹೋಗುತ್ತೇವೆ. ದಾರವೆಲ್ಲ ಹಿಂದೆಯೇ ಉಳಿಯುತ್ತದೆ. ಸೀದಾ ಬದಿಯಲ್ಲಿ ಬಟ್ಟೆ ತಾನೇ ಎದ್ದು, ಮಡಿಕೆಗಳು ಒಂದರ ಕೆಳಗೊಂದು ತೂರಿ, ಚಾಪೆ ಹೆಣೆದ ಹಾಗೆ ಕಾಣುತ್ತದೆ. ನಮ್ಮ ಕಡೆ ಕೌದಿ ಹೊಲಿಯುವುದನ್ನು ನೋಡಿದ್ದೀರಲ್ವಾ? ಅಲ್ಲಿ ದಾರ ಬಟ್ಟೆಯನ್ನು ಒತ್ತಿ ಮಲಗಿಸುತ್ತದೆ. ಇಲ್ಲಿ ಎಬ್ಬಿಸುತ್ತದೆ.

ಬಟ್ಟೆ

ಪ್ಲೇನ್ ಬಣ್ಣದ್ದೇ ತಗೊಳ್ಳಿ. ಹೂವಿನ ಪ್ರಿಂಟ್ ಇದ್ದರೆ ಮಡಿಕೆಗಳ ನೆರಳು ಕಾಣುವುದಿಲ್ಲ, ಅಷ್ಟು ಕೆಲಸ ಮಾಡಿದ್ದೂ ವ್ಯರ್ಥ. ವೆಲ್ವೆಟ್ ತುಂಬಾ ಚೆನ್ನಾಗಿ ಬರುತ್ತದೆ, ಬೆಳಕು ಅದರ ಉಬ್ಬಿನ ಮೇಲೆ ಒಂದು ಥರ, ತಗ್ಗಿನಲ್ಲಿ ಇನ್ನೊಂದು ಥರ ಬೀಳುತ್ತದೆ. ಆದರೆ ಮೊದಲ ದಿಂಬಿಗೇ ವೆಲ್ವೆಟ್ ಬೇಡ. ಸ್ಯಾಟಿನ್ ಕೈಯಿಂದ ಜಾರುತ್ತದೆ, ಅದೂ ಬೇಡ. ನಾನು ಮಂಡಿಪೇಟೆಯಲ್ಲಿ ಒಂದು ಕಟ್ ಪೀಸ್ ಅಂಗಡಿಯಿಂದ ಸಾಸಿವೆ ಬಣ್ಣದ ಕೇಸ್‌ಮೆಂಟ್ ತಂದೆ. ಸ್ವಲ್ಪ ದಪ್ಪ ಇರುವ ಹತ್ತಿ ಬಟ್ಟೆ, ಮಡಿಸಿದ ಕಡೆ ಮಡಿಕೆ ನಿಲ್ಲುತ್ತದೆ. ಹತ್ತಿ ಬಟ್ಟೆಯಾದರೆ ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ದಿಂಬಾದ ಮೇಲೆ ಬಟ್ಟೆ ಕುಗ್ಗಿದರೆ ಸರಿ ಮಾಡಲು ಆಗುವುದಿಲ್ಲ.

ಎಷ್ಟು ಬಟ್ಟೆ ಬೇಕು? ಇಲ್ಲೇ ಹೆಚ್ಚು ಜನ ತಪ್ಪುವುದು. ಸ್ಮಾಕಿಂಗ್ ಆದ ಮೇಲೆ ಬಟ್ಟೆ ಉದ್ದಕ್ಕಿಂತ ಅಗಲದಲ್ಲಿ ಜಾಸ್ತಿ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಅನ್ನುವುದು ಬಟ್ಟೆ ಮೇಲೂ ನಿಮ್ಮ ಕೈ ಮೇಲೂ ಹೋಗುತ್ತದೆ. ಅದಕ್ಕೇ ಅದೇ ಬಟ್ಟೆಯ 12 ಇಂಚಿನ ಒಂದು ಚೌಕದ ಮೇಲೆ ಮೊದಲು ಮಾಡಿ ನೋಡಿ. ನನ್ನದು ಅಗಲದಲ್ಲಿ 7 ಇಂಚಿಗೆ ಬಂತು, ಉದ್ದದಲ್ಲಿ 9 ಇಂಚಿಗೆ. ನನಗೆ ಬೇಕಿದ್ದದ್ದು 16 ಇಂಚಿನ ದಿಂಬು, ಹೊಲಿಗೆಗೆ ಬಿಡುವುದು ಸೇರಿ 17. ಹಾಗಾದರೆ ಅಗಲಕ್ಕೆ 17ನ್ನು 12ರಿಂದ ಗುಣಿಸಿ 7ರಿಂದ ಭಾಗಿಸಿದೆ, 29 ಇಂಚು ಚಿಲ್ಲರೆ ಬಂತು. ಉದ್ದಕ್ಕೆ 9ರಿಂದ ಭಾಗಿಸಿದೆ, 23ರ ಹತ್ತಿರ ಬಂತು. 30 ಇಂಚು ಅಗಲ, 24 ಇಂಚು ಉದ್ದ ಕತ್ತರಿಸಿದೆ. ನಿಮ್ಮ ತುಣುಕಿನ ಅಳತೆ ಹಾಕಿ ಇದೇ ಲೆಕ್ಕ ಮಾಡಿ.

ಚುಕ್ಕಿ ಇಡುವುದು

ಉಲ್ಟಾ ಬದಿಯಲ್ಲಿ, ಸುತ್ತ 1 ಇಂಚು ಬಿಟ್ಟು, ಇಂಚಿಗೊಂದು ಚುಕ್ಕಿ. ರಂಗೋಲಿಯಲ್ಲಿ ಸಾಲು ಚುಕ್ಕಿ ಇಟ್ಟ ಹಾಗೆಯೇ. ಆದರೆ ಇಲ್ಲಿ ಅಂದಾಜು ನಡೆಯುವುದಿಲ್ಲ, ಸ್ಕೇಲು ಬೇಕು. ನನ್ನ ಬಟ್ಟೆಯಲ್ಲಿ ಉದ್ದುದ್ದ ಸಾಲು 29, ಅಡ್ಡ ಸಾಲು 23 ಬಂದವು. ಉದ್ದ ಸಾಲು ಬೆಸ ಸಂಖ್ಯೆಯಲ್ಲೇ ಇರಬೇಕು, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಪೆನ್ಸಿಲ್ ಅಥವಾ ಟೈಲರ್ ಚಾಕ್ ಬಳಸಿ. ಬಾಲ್‌ಪೆನ್ ಬೇಡವೇ ಬೇಡ, ಒಗೆದಾಗ ಶಾಯಿ ಮುಂದಕ್ಕೆ ಇಳಿಯುತ್ತದೆ. ಒಂದೇ ಅಳತೆಯ ಚೌಕಳಿ ಇರುವ ಬಟ್ಟೆ ಸಿಕ್ಕರೆ ಚೌಕದ ಮೂಲೆಗಳೇ ಚುಕ್ಕಿ. ಅಭ್ಯಾಸಕ್ಕೆ ಅದು ಬಹಳ ಒಳ್ಳೆಯದು.

ಹೊಲಿಗೆ

ಇದನ್ನು ನಿಧಾನಕ್ಕೆ ಓದಿ, ಆದರೆ ಬಟ್ಟೆ ಕೈಯಲ್ಲಿ ಹಿಡಿದೇ ಓದಿ.

ಮೊದಲ ಮೂರು ಉದ್ದ ಸಾಲು ಸೇರಿ ಒಂದು ಪಟ್ಟಿ. ಎಡ, ನಡು, ಬಲ ಅಂತ ಅವಕ್ಕೆ ಹೆಸರಿಡೋಣ. ದಾರವನ್ನು ಎರಡೆಳೆ ಮಾಡಿ ತುದಿಗೆ ಗಂಟು ಹಾಕಿ. ನಡು ಸಾಲಿನ ಮೊದಲ ಚುಕ್ಕಿಯಲ್ಲಿ ಬಟ್ಟೆಯನ್ನು ಸ್ವಲ್ಪ ಚುಚ್ಚಿ ಎತ್ತಿ, ಒಂದೆರಡು ದಾರದೆಳೆಯಷ್ಟು ಸಾಕು. ಈಗ ಓರೆಯಾಗಿ ಕೆಳಗೆ, ಎಡ ಸಾಲಿನ ಎರಡನೇ ಚುಕ್ಕಿಯನ್ನು ಎತ್ತಿ. ಮತ್ತೆ ಮೊದಲ ಚುಕ್ಕಿಗೆ ಬಂದು, ಎರಡೂ ಮುತ್ತಿಟ್ಟ ಹಾಗೆ ಸೇರುವವರೆಗೆ ಜಗ್ಗಿ, ಬಿಗಿಯಾಗಿ ಗಂಟು ಹಾಕಿ. ಒಂದಾಯಿತು.

ಇನ್ನು ನಡು ಸಾಲಿನ ಎರಡನೇ ಚುಕ್ಕಿಗೆ ಇಳಿಯಬೇಕು. ಹಾಕಿದ ಗಂಟಿಗೂ ಇದಕ್ಕೂ ನಡುವೆ 1 ಇಂಚು ಬಟ್ಟೆ ಇದೆ. ಆ ಬಟ್ಟೆ ಸಪಾಟಾಗಿ ಹಾಗೇ ಇರಬೇಕು. ದಾರವೂ ಅಷ್ಟೇ ಉದ್ದ, ಸ್ವಲ್ಪ ಸಡಿಲ. ಎರಡನೇ ಚುಕ್ಕಿ ಎತ್ತಿ, ಬಂದ ದಾರದ ಕೆಳಗೆ ಸೂಜಿ ತೂರಿಸಿ, ಅಲ್ಲೇ ಒಂದು ಗಂಟು ಹಾಕಿ. ಜಗ್ಗಬೇಡಿ. ಈ ಗಂಟು ಬಾಗಿಲಿಗೆ ಅಗುಳಿ ಹಾಕಿದ ಹಾಗೆ, ಮುಂದೆ ಎಷ್ಟು ಜಗ್ಗಿದರೂ ಹಿಂದಿನ ಸಡಿಲ ದಾರ ಎಳೆದುಕೊಂಡು ಬರುವುದಿಲ್ಲ. ಈಗ ಇಲ್ಲಿಂದ ಓರೆಯಾಗಿ ಬಲ ಸಾಲಿನ ಮೂರನೇ ಚುಕ್ಕಿ ಎತ್ತಿ, ವಾಪಸ್ ಬಂದು, ಸೇರಿಸಿ ಗಂಟು. ಆಮೇಲೆ ಸಡಿಲ ಬಿಟ್ಟು ನಡು ಸಾಲಿನ ಮೂರನೇ ಚುಕ್ಕಿಗೆ, ಅಲ್ಲಿಂದ ಎಡ ಸಾಲಿನ ನಾಲ್ಕನೆಯದಕ್ಕೆ. ಒಮ್ಮೆ ಎಡ, ಒಮ್ಮೆ ಬಲ, ಕೆಳಗಿನವರೆಗೆ ಹೀಗೇ.

ನನ್ನ ಮೊದಲ ಎರಡು ಬಟ್ಟೆ ಹಾಳಾಗಿದ್ದು ಈ ಸಡಿಲ ದಾರದಲ್ಲೇ. ದಾರ ಜೋತು ಬಿದ್ದರೆ ಅಸಹ್ಯ ಅಂದುಕೊಂಡು ಎಲ್ಲವನ್ನೂ ಜಗ್ಗಿ ಬಿಗಿ ಮಾಡಿದ್ದೆ. ಬಟ್ಟೆ ಮುದ್ದೆಯಾಗಿ ಕೂತಿತು. ಜಗಳೂರಿನಿಂದ ಬಂದಿದ್ದ ದೊಡ್ಡಮ್ಮ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ವರ್ಷಗಟ್ಟಲೆ ಕೌದಿ ಹೊಲಿದ ಕೈ ಅವರದು. ಬಟ್ಟೆ ತಿರುಗಿಸಿ ಹಿಂಬದಿ ನೋಡಿ, "ಎಲ್ಲಾನೂ ಜಗ್ಗಿದ್ರೆ ಹೆಂಗವ್ವಾ? ಬಟ್ಟಿಗೆ ಏಳಾಕೆ ಜಾಗ ಎಲ್ಲೈತಿ?" ಅಂದರು. ಸ್ಮಾಕಿಂಗ್ ಅನ್ನುವ ಹೆಸರೇ ಅವರು ಕೇಳಿರಲಿಲ್ಲ. ಆದರೂ ಮಾತು ಸರಿಯಾಗಿತ್ತು. ಓರೆ ದಾರ ಬಟ್ಟೆಯನ್ನು ಎಬ್ಬಿಸುತ್ತದೆ, ನೇರ ದಾರದ ಪಕ್ಕದ ಸಪಾಟು ಬಟ್ಟೆ ಆ ಮಡಿಕೆಗೆ ಹರಡಿಕೊಳ್ಳಲು ಜಾಗ ಕೊಡುತ್ತದೆ. ಓರೆಗೆ ಜಗ್ಗು, ನೇರಕ್ಕೆ ಬಿಡು ಅಂತ ನಾನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಹೊಲಿದೆ.

ಎರಡನೇ ಪಟ್ಟಿ ಮೂರನೇ ಉದ್ದ ಸಾಲಿನಿಂದಲೇ ಶುರು. ಮೊದಲ ಪಟ್ಟಿಗೆ ಬಲವಾಗಿದ್ದ ಸಾಲು ಈಗ ಎಡ ಆಗುತ್ತದೆ. ಹಿಂದಿನ ಪಟ್ಟಿ ಅದರಲ್ಲಿ ಮೂರು, ಐದು, ಏಳನೇ ಚುಕ್ಕಿ ಹಿಡಿದಿತ್ತು. ಈ ಪಟ್ಟಿ ಎರಡು, ನಾಲ್ಕು, ಆರನ್ನು ಹಿಡಿಯುತ್ತದೆ. ಹಾಗಾಗಿ ಜಗಳವಿಲ್ಲ. ಸಾಲುಗಳು ಬೆಸ ಸಂಖ್ಯೆಯಲ್ಲಿ ಇರಬೇಕು ಅಂದಿದ್ದು ಇದಕ್ಕೇ. 29 ಸಾಲಿಗೆ 14 ಪಟ್ಟಿ, ಪಟ್ಟಿಗೆ 22 ಓರೆ, ಒಟ್ಟು 308. ದಿನಕ್ಕೆ ಎರಡು ಪಟ್ಟಿ ಮಾಡಿದರೆ ಒಂದು ವಾರ. ಮೊದಲ ಪಟ್ಟಿ ಮುಗಿದಾಗ ತಿರುಗಿಸಿ ನೋಡಿದರೆ ಏನೂ ಅನ್ನಿಸುವುದಿಲ್ಲ, ಸುಮ್ನೆ ಸುಕ್ಕು. ಬೇಜಾರಾಗಬೇಡಿ. ಮೂರನೇ ಪಟ್ಟಿ ಹೊತ್ತಿಗೆ ಹೆಣಿಗೆ ಕಾಣತೊಡಗುತ್ತದೆ. ನನಗಂತೂ ಆವತ್ತು ಊಟಕ್ಕೆ ಏಳಲು ಮನಸ್ಸೇ ಬರಲಿಲ್ಲ.

ದಾರ ಮುಗಿಯುವಂತಿದ್ದರೆ ಓರೆ ಗಂಟಿನ ಮೇಲೆ ಮುಗಿಸಿ, ಸಡಿಲ ದಾರದ ನಡುವೆ ಬೇಡ.

ದಿಂಬು ಕಟ್ಟುವುದು

ಮುಗಿದ ಬಟ್ಟೆಯನ್ನು ಹಳೆ ರಟ್ಟಿನ ಮೇಲೆ ಸೀದಾ ಬದಿ ಮೇಲೆ ಬರುವಂತೆ ಹರಡಿ, ಬೆರಳಿನಿಂದ ಮಡಿಕೆಗಳನ್ನು ಒಂದೇ ಕಡೆಗೆ ಕೂರಿಸಿ. 17 ಇಂಚಿಗೆ ನಾಲ್ಕೂ ಕಡೆ ಗುಂಡುಪಿನ್ ಚುಚ್ಚಿ. ಅಂಚಿನಲ್ಲಿ ನೆರಿಗೆಗಳು ತಾವಾಗೇ ಬಿದ್ದಿರುತ್ತವೆ, ಅವನ್ನು ಸಮ ಮಾಡಿ ಕಚ್ಚಾ ಹೊಲಿಗೆ ಹಾಕಿ. ಇಸ್ತ್ರಿಪೆಟ್ಟಿಗೆ ಮುಟ್ಟಿಸಬೇಡಿ, ಎದ್ದದ್ದೆಲ್ಲ ಮಲಗಿಬಿಡುತ್ತದೆ.

ಹಿಂಬದಿಗೆ ಜಿಪ್ ಬೇಕಿಲ್ಲ. 17 ಇಂಚು ಉದ್ದ, ಹನ್ನೊಂದೂವರೆ ಇಂಚು ಅಗಲದ ಎರಡು ತುಂಡು ಕತ್ತರಿಸಿ. ಎರಡಕ್ಕೂ ಒಂದೊಂದು ಉದ್ದ ಅಂಚನ್ನು 1 ಇಂಚು ಮಡಿಸಿ ಹೆಮ್ಮಿಂಗ್ ಮಾಡಿ. ಒಂದರ ಮೇಲೊಂದು ಇಟ್ಟಾಗ ನಡುವೆ 4 ಇಂಚು ಸೇರಿಕೊಳ್ಳುತ್ತದೆ. ಸೀದಾ ಬದಿಗಳು ಮುಖಾಮುಖಿ ಬರುವಂತೆ ಇಟ್ಟು, ಅಂಚಿನಿಂದ ಅರ್ಧ ಇಂಚು ಒಳಗೆ, ಸುತ್ತಲೂ ಒತ್ತಾಗಿ ಬಖಿಯಾ, ಅಂದರೆ ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಬಂದು ಮುಂದೆ ಹೋಗುವ ಹೊಲಿಗೆ, ಹಾಕಿ. ನೆರಿಗೆ ಇರುವ ಕಡೆ ಬಟ್ಟೆ ಮೂರ್ನಾಲ್ಕು ಪದರ ಆಗಿರುತ್ತದೆ, ಸೂಜಿಯನ್ನು ನೇರ ಕೆಳಗಿಳಿಸಿ ಒಂದೊಂದೇ ಹೊಲಿಗೆ ಎಳೆಯಿರಿ.

ಒಳಗಿನ ದಿಂಬು 18 ಇಂಚಿನದು ಇರಲಿ. ಗವಸಿಗಿಂತ 2 ಇಂಚು ದೊಡ್ಡದಿದ್ದರೆ ಮೂಲೆಗಳು ತುಂಬಿಕೊಳ್ಳುತ್ತವೆ. ಹತ್ತಿ ಗಿರಣಿಗಳಿಂದ ಹೆಸರಾದ ಊರು ನಮ್ಮದು, ಗಾದಿ ಅಂಗಡಿಯಲ್ಲಿ ಹಿಂಜಿದ ಅರಳೆ ಸಿಗುತ್ತದೆ. ನನಗೆ ಅದರ ತೂಕ, ತಂಪು ಇಷ್ಟ. ಆದರೆ ಅರಳೆ ವರ್ಷದೊಳಗೆ ಗಂಟುಗಟ್ಟುತ್ತದೆ, ಬಿಸಿಲಿಗೆ ಹಾಕಿ ತಟ್ಟುತ್ತಿರಬೇಕು. ಆ ಕೆಲಸ ಬೇಡ ಅನ್ನುವವರು ಫೈಬರ್ ತುಂಬಿ. ಯಾವುದೇ ಆಗಲಿ ಗಟ್ಟಿಯಾಗಿ ತುರುಕಬೇಡಿ. ಒಳಗಿನಿಂದ ಒತ್ತಡ ಜಾಸ್ತಿಯಾದರೆ ಅದು ಬೀಳುವುದು ಆ 308 ಗಂಟುಗಳ ಮೇಲೆ.

ಒಗೆಯುವಾಗ ಗವಸು ಬಿಚ್ಚಿ, ಉಲ್ಟಾ ಮಾಡಿ, ಸೋಪಿನ ನೀರಲ್ಲಿ ಅದ್ದಿ ಮೆಲ್ಲಗೆ ಹಿಸುಕಿ. ಬ್ರಷ್ ಬೇಡ, ಹಿಂಡುವುದೂ ಬೇಡ. ಒಂದು ಟವೆಲಿನಲ್ಲಿ ಸುತ್ತಿ ನೀರು ತೆಗೆದು, ನೆರಳಲ್ಲಿ ಮಂಚದ ಮೇಲೆ ಹರಡಿ. ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮಡಿಕೆಗಳನ್ನು ಬೆರಳಿನಿಂದ ಮತ್ತೆ ಅವುಗಳ ಜಾಗಕ್ಕೆ ಕೂರಿಸಿ.