ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ

ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ನೋಡಲು ಹೋದರೆ ಮೊದಲು ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಓಡಿಸಿಟ್ಟಿದ್ದಾರೆ. ಅವಸರ ಬೇಡ. ಟೀ ಕುಡಿಯಿರಿ, ಆರ್‌ಸಿ ನೋಡಿ, ಬೇಕಾದರೆ ಮಾರನೇ ದಿನ ಬೆಳಿಗ್ಗೆ ಬನ್ನಿ. ಡೀಸೆಲ್ ಎಂಜಿನ್ ತಣ್ಣಗಿದ್ದಾಗ ತನ್ನ ಕಾಯಿಲೆಯನ್ನು ಮುಚ್ಚಿಡಲಾರದು.

ಇದಕ್ಕೆ ಕಾರಣ ಅದು ಕೆಲಸ ಮಾಡುವ ರೀತಿಯಲ್ಲೇ ಇದೆ. ಇದರಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ, ಆ ಒತ್ತಡದಿಂದ ಹುಟ್ಟುವ ಬಿಸಿಯಲ್ಲೇ ಡೀಸೆಲ್ ಹೊತ್ತಿಸಬೇಕು. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ್ದು ಇದನ್ನೇ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತಲ್ವಾ, ಹಾಗೆ. ಚಿಕ್ಕ ಟ್ರ್ಯಾಕ್ಟರ್‌ನ ಸಿಲಿಂಡರ್‌ನಲ್ಲಿ ಗಾಳಿ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 200 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು.

ಲೆಕ್ಕದಲ್ಲಿ ಬೇಕಾದಷ್ಟು ಬಿಸಿ ಇದೆ. ಆದರೆ ತಣ್ಣಗಿರುವ ಕಬ್ಬಿಣ ಅದರಲ್ಲಿ ಒಂದಷ್ಟನ್ನು ಹೀರಿಕೊಳ್ಳುತ್ತದೆ. ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗ್ ಸವೆದಿದ್ದರೆ ಗಾಳಿ ಸಂದಿಯಲ್ಲಿ ಕೆಳಗಿಳಿಯುತ್ತದೆ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಈ ಎರಡು ನಷ್ಟಕ್ಕೂ ಸಮಯ ಜಾಸ್ತಿ ಸಿಗುತ್ತದೆ. ಹಾಗಾಗಿ ಬ್ಯಾಟರಿ ಸೋತರೂ ಎಂಜಿನ್ನೇ ಕೆಟ್ಟಂತೆ ಕಾಣುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.5 ವೋಲ್ಟ್‌ಗಿಂತ ಕೆಳಗಿಳಿದರೆ ಮೊದಲು ಅದನ್ನೇ ನೋಡಿ. ಟರ್ಮಿನಲ್ ಮೇಲೆ ಕೂತ ಬಿಳಿ ಪುಡಿಯನ್ನು ಉಜ್ಜಿ ತೆಗೆಯಿರಿ, ಅರ್ತ್ ವೈರ್ ಬಿಗಿ ಮಾಡಿ. ಸ್ಟಾರ್ಟ್ ಆಗಲಿಲ್ಲ ಅಂತ ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವವರಿದ್ದಾರೆ. ತಣ್ಣಗಿರುವ ಸಿಲಿಂಡರ್ ಕಾಯಿಸಲು ಗ್ಲೋ ಪ್ಲಗ್ ಇರುವ ಎಂಜಿನ್‌ನಲ್ಲಂತೂ ಅದು ಅಪಾಯ, ಕೆಂಪಗೆ ಕಾದ ತಂತಿಗೆ ಪೆಟ್ರೋಲ್ ಆವಿ ತಗಲಿದರೆ ಸ್ಫೋಟವಾಗುತ್ತದೆ.

ಸೆಲ್ಫ್‌ಗೆ ಎಂಜಿನ್ ಚೆನ್ನಾಗಿ ತಿರುಗಿದರೂ ಸ್ಟಾರ್ಟ್ ಆಗದೆ, ಸೈಲೆನ್ಸರ್‌ನಲ್ಲಿ ಹೊಗೆಯೇ ಇಲ್ಲವೇ? ಹಾಗಾದರೆ ಸಿಲಿಂಡರ್‌ಗೆ ಡೀಸೆಲ್ ಹೋಗುತ್ತಿಲ್ಲ. ಟ್ಯಾಂಕ್ ಒಮ್ಮೆ ಖಾಲಿಯಾಗಿದ್ದರೆ ಅಥವಾ ಫಿಲ್ಟರ್ ಬದಲಿಸಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿರುತ್ತದೆ. ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ನೋಜಲ್‌ನ ಬಾಯಿಯನ್ನು ಒಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಎಂಜಿನ್‌ಗೆ ತಕ್ಕಂತೆ 120ರಿಂದ 250 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡ ಬಂದರಷ್ಟೇ ಅದು ತೆರೆಯುತ್ತದೆ. 200 ಬಾರ್‌ನಲ್ಲಿ ಒತ್ತಿದರೂ ಡೀಸೆಲ್ ಕುಗ್ಗುವುದು ನೂರಕ್ಕೆ ಒಂದೋ ಒಂದೂವರೆಯೋ ಭಾಗ. ಗಾಳಿ ಮಾತ್ರ ಇನ್ನೂರರಲ್ಲಿ ಒಂದು ಪಾಲಾಗಿ ಮುದುಡಿಕೊಳ್ಳುತ್ತದೆ. ಸುಮಾರು 18 ಎಚ್‌ಪಿಯ ಮೂರು ಸಿಲಿಂಡರ್ ಎಂಜಿನ್‌ನ ಡೀಸೆಲ್ ಪಂಪ್ ಒಂದು ಸಲಕ್ಕೆ ದೂಡುವ ಡೀಸೆಲ್ ಒಂದು ಹನಿಯ ಅರ್ಧವೂ ಇರುವುದಿಲ್ಲ. ಅಷ್ಟು ಸಣ್ಣ ತಳ್ಳನ್ನು ಒಂದು ಗುಳ್ಳೆಯೇ ನುಂಗಿಬಿಡುತ್ತದೆ, ನೋಜಲ್ ತೆರೆಯುವುದೇ ಇಲ್ಲ.

ಗಾಳಿ ತೆಗೆಯುವುದು ಕಷ್ಟವೇನಲ್ಲ. ಫಿಲ್ಟರ್ ತಲೆಯ ಮೇಲಿನ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ. ಮೊದಲು ಬಿಳಿ ನೊರೆ ಬರುತ್ತದೆ, ಆಮೇಲೆ ಪುಸ್ ಪುಸ್ ಅಂತ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಅದು ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಡೀಸೆಲ್ ಪಂಪಿನ ಸ್ಕ್ರೂಗೂ ಹೀಗೇ ಮಾಡಿ. ನೋಜಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುವಾಗ ಮಾತ್ರ ಮುಖ, ಕೈ ದೂರವಿರಲಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹಾಗಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಸೋರಿಕೆ ಹುಡುಕಲು ಬೆರಳು ಬೇಡ, ರಟ್ಟಿನ ತುಂಡು ಹಿಡಿಯಿರಿ. ಎರಡು ದಿನಕ್ಕೊಮ್ಮೆ ಮತ್ತೆ ಏರ್ ಲಾಕ್ ಆಗುತ್ತಿದ್ದರೆ ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ಪೈಪ್ ಮತ್ತು ತಾಮ್ರದ ವಾಷರ್‌ಗಳನ್ನು ನೋಡಿ. ಅಲ್ಲಿ ಪಂಪ್ ಡೀಸೆಲನ್ನು ಎಳೆಯುತ್ತದೆ. ತೂತಿದ್ದರೂ ಹೊರಗೆ ಹನಿ ತೊಟ್ಟಿಕ್ಕದೆ, ಗಾಳಿ ಒಳಕ್ಕೆ ಹೋಗುತ್ತಿರಬಹುದು.

ಹೊಗೆಯ ಬಣ್ಣದ ವಿಚಾರ ಎಲ್ಲ ಮೇಸ್ತ್ರಿಗಳಿಗೂ ಗೊತ್ತು. ಬಿಳಿಯಾದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ ಅಥವಾ ರೇಡಿಯೇಟರ್ ನೀರು ಒಳಹೋಗಿದೆ. ಕಪ್ಪಾದರೆ ಗಾಳಿ ಸಾಲದು ಇಲ್ಲವೇ ಡೀಸೆಲ್ ಜಾಸ್ತಿ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ನೀಲಿ ನಿಲ್ಲದಿದ್ದರೆ ಐಡ್ಲಿಂಗ್‌ನಲ್ಲಿಟ್ಟು ಆಯಿಲ್ ಹಾಕುವ ಕ್ಯಾಪ್ ಬಿಚ್ಚಿ, ತೂತಿನ ಮೇಲೆ ಮಗುಚಿಡಿ. ಸ್ವಲ್ಪ ನಡುಗಿದರೆ ಚಿಂತೆಯಿಲ್ಲ. ಹೊಗೆ ಉಗುಳಿ ಕ್ಯಾಪ್ ಹಾರಿದರೆ ರಿಂಗ್, ಲೈನರ್ (ಸಿಲಿಂಡರ್‌ನ ಒಳಗೋಡೆ) ಮುಗಿದಿವೆ, ಬೋರ್ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ರಿಂಗ್ ಬೇಗ ಸವೆಯುವುದು ಹೆಚ್ಚಾಗಿ ಧೂಳಿನಿಂದ. ಮಣ್ಣಿನ ಧೂಳಿನಲ್ಲಿರುವ ಸ್ಫಟಿಕದ ಕಣ ಲೈನರ್‌ನ ಕಬ್ಬಿಣಕ್ಕಿಂತ ಗಟ್ಟಿ. ಅಡಿಕೆ ತೋಟದಲ್ಲಾಗಲಿ ದ್ರಾಕ್ಷಿ ಸಾಲಿನಲ್ಲಾಗಲಿ ಒಣ ಮಣ್ಣಿನಲ್ಲಿ ರೊಟವೇಟರ್ ಹೊಡೆದರೆ ಗಾಡಿ ಆ ಧೂಳಿನ ಮಧ್ಯೆಯೇ ಉಸಿರಾಡಬೇಕು. ಧೂಳನ್ನು ಎಣ್ಣೆಯಲ್ಲಿ ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರ್ ಇದ್ದರೆ ಬಟ್ಟಲು ಬಿಚ್ಚಿ ನೋಡಿ. ತಳದಲ್ಲಿ ಕೆಸರು ಗಟ್ಟಿಯಾಗಿದ್ದರೆ ಹಿಂದಿನ ಮಾಲೀಕರ ಶಿಸ್ತು ಗೊತ್ತಾಗುತ್ತದೆ. ಎಷ್ಟು ಗಂಟೆ ಓಡಿದೆ ಅಂತ ಅವರ್ ಮೀಟರ್ ಹೇಳುವುದನ್ನು ನಾನು ಅಷ್ಟು ನಂಬುವುದಿಲ್ಲ. ಹಿಂದಿನ ಕೊಕ್ಕೆಯ ತೂತು ಸವೆದು ಮೊಟ್ಟೆಯಾಕಾರ ಆಗಿದ್ದರೆ, ರೊಟವೇಟರ್ ತಿರುಗಿಸುವ ಪಿಟಿಒ ಶಾಫ್ಟ್‌ನ ಹಲ್ಲು ಚೂಪಾಗಿದ್ದರೆ ಗಾಡಿ ಚೆನ್ನಾಗಿ ದುಡಿದಿದೆ. ಎಂಜಿನ್‌ಗೆ ಹೊಸ ಪೇಂಟ್ ಹೊಡೆದಿದ್ದರಂತೂ ಆಯಿಲ್ ಜಿನುಗುವ ಜಾಗ ಹುಡುಕಿಯೇ ತೀರಬೇಕು.

ತಂದ ಮೇಲೆ ಸಂಜೆ ಕೆಲಸ ಮುಗಿದಾಗ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗವಿದ್ದರೆ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಡೀಸೆಲ್ ಪಂಪಿನ ಒಳಗಿನ ಸಂದು ಎರಡು-ಮೂರು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು) ಅಷ್ಟೆ, ತುಕ್ಕಿನ ಒಂದು ಕಣ ಸಾಕು ಅದನ್ನು ಗೀರಲು. ನೀರು ಡೀಸೆಲ್‌ಗಿಂತ ಭಾರ, ರಾತ್ರಿಯಿಡೀ ತಳಕ್ಕೆ ಇಳಿದಿರುತ್ತದೆ. ಹಾಗಾಗಿ ಫಿಲ್ಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ಅದನ್ನು ತೆಗೆಯಬೇಕಾದದ್ದು ಬೆಳಿಗ್ಗೆ, ಸೆಲ್ಫ್ ಹೊಡೆಯುವ ಮೊದಲು. ಗಾಡಿ ತೋಟಕ್ಕೆ ಹೋಗಿ ಬಂದ ಮೇಲಾದರೆ ಎಲ್ಲ ಕಲಕಿಹೋಗಿರುತ್ತದೆ.