ಪಟ್ಟಿಯಲ್ಲಿ ಮಿದುಳಿಲ್ಲ: ತಲೆಪೆಟ್ಟಿನ ಪರಿಹಾರ ನಡೆದು ಬಂದ ದಾರಿ

ಅಪಘಾತದಲ್ಲಿ ಒಂದು ಹಲ್ಲು ಮುರಿದರೆ ಕಾನೂನಿನ ಕಣ್ಣಿಗೆ ಅದು ಭಾರಿ ಗಾಯ. 1860ರ ಭಾರತೀಯ ದಂಡ ಸಂಹಿತೆಯ 320ನೇ ಕಲಂ ಭಾರಿ ಗಾಯಗಳನ್ನು ಎಂಟು ಬಗೆಯಾಗಿ ಪಟ್ಟಿ ಮಾಡಿತ್ತು. ಕಣ್ಣು, ಕಿವಿ, ಕೀಲು, ಮುಖದ ವಿರೂಪ, ಮೂಳೆ, ಹಲ್ಲು ಎಲ್ಲವೂ ಅದರಲ್ಲಿ ಹೆಸರು ಹೇಳಿಸಿಕೊಂಡಿವೆ. ಮಿದುಳಿಗೆ ಹೆಸರಿಲ್ಲ. ಪ್ರಾಣಕ್ಕೆ ಕುತ್ತು ತಂದ ಗಾಯ, ಇಲ್ಲವೇ ಇಪ್ಪತ್ತು ದಿನ ತೀವ್ರ ನೋವು ಕೊಟ್ಟ ಅಥವಾ ನಿತ್ಯದ ಕೆಲಸಕ್ಕೆ ಅಡ್ಡಿಯಾದ ಗಾಯ ಎಂಬ ಎಂಟನೆಯ ಬಾಗಿಲಿನಿಂದ ಮಾತ್ರ ಅದು ಒಳಗೆ ಬರಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಇಪ್ಪತ್ತು ದಿನವನ್ನು ಹದಿನೈದಕ್ಕೆ ಇಳಿಸಿತು. ಪಟ್ಟಿ ಹಾಗೆಯೇ ಉಳಿಯಿತು.

ಇದು ಕ್ರಿಮಿನಲ್ ಕಾನೂನಿನ ಮಾತು, ಪರಿಹಾರಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಒಂದು ಹಾಳೆಯಲ್ಲಿದೆ. ಅಪಘಾತದ ಗಾಯಾಳು ಸರ್ಕಾರಿ ಆಸ್ಪತ್ರೆಗೆ ಬಂದಾಗ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಾಗುತ್ತದೆ. ಪೊಲೀಸರು ಕೇಳಿದ ಮೇಲೆ ವೈದ್ಯರು ಗಾಯದ ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಪ್ರತಿ ಗಾಯದ ಎದುರು ಸಾದಾ ಸ್ವರೂಪ, ಭಾರಿ ಸ್ವರೂಪ ಎಂಬ ಎರಡರಲ್ಲಿ ಒಂದನ್ನು ಬರೆಯಲೇಬೇಕು. ತಲೆಬುರುಡೆ ಬಿರುಕು ಬಿಟ್ಟಿದ್ದರೆ ಮೂಳೆ ಮುರಿತವೆಂದು ಅದು ಭಾರಿಯ ಕಡೆಗೆ ಹೋಗುತ್ತದೆ. ಬುರುಡೆ ಗಟ್ಟಿಯಾಗಿದ್ದು ಒಳಗಿನ ಮಿದುಳು ಅಲುಗಾಡಿದ್ದರೆ, ಹಣೆಯ ಮೇಲಿನ ಎರಡು ಸೆಂಟಿಮೀಟರ್ ಸೀಳುಗಾಯವಷ್ಟೇ ಕಾಣುತ್ತದೆ. ಅದರ ಎದುರು ‘ಸಾದಾ’ ಎಂದು ಬೀಳುತ್ತದೆ. ನಾಲ್ಕು ವರ್ಷಗಳ ನಂತರ ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಮೊದಲು ಎತ್ತಿಕೊಳ್ಳುವುದು ಆ ಹಾಳೆಯನ್ನೇ.

ಮಿದುಳಿನ ಪೆಟ್ಟಿನ ಗುಣವೇ ಹಾಗೆ. ಕಾರು ಮರಕ್ಕೆ ಗುದ್ದಿ ಥಟ್ಟನೆ ನಿಂತಾಗ ತಲೆಯೂ ನಿಲ್ಲುತ್ತದೆ, ಒಳಗಿನ ಮಿದುಳು ನಿಲ್ಲುವುದಿಲ್ಲ. ಅದು ಮುಂದಕ್ಕೆ ಜಗ್ಗಿ, ತಿರುಚಿಕೊಂಡು, ನರತಂತುಗಳು ಅಲ್ಲಲ್ಲಿ ಹರಿಯುತ್ತವೆ. ಈ ಬಗೆಯ ಹಾನಿ ಮೊದಲ ದಿನದ ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣದೆ ಹೋಗಬಹುದು. ಎಂಆರ್‌ಐ ಮಾಡಿಸಿದರೆ ಸುಳಿವು ಸಿಗಬಹುದು. ಇನ್ನೊಂದು ಬಗೆಯಲ್ಲಿ ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಸೋರುತ್ತದೆ. ಬಿದ್ದವನು ಎದ್ದು ಕುಳಿತು, ಚಹಾ ಕುಡಿದು, ಮನೆಗೆ ಫೋನ್ ಮಾಡಿ ‘ಏನೂ ಆಗಿಲ್ಲ’ ಎಂದಿರುತ್ತಾನೆ. ಕೆಲವು ತಾಸುಗಳಲ್ಲಿ ಎಚ್ಚರ ತಪ್ಪುತ್ತದೆ. ವಯಸ್ಸಾದವರಲ್ಲಿ ರಕ್ತ ನಿಧಾನವಾಗಿ ಕೂಡಿಕೊಂಡು ವಾರಗಳ ನಂತರ ಹೆಜ್ಜೆ ತಪ್ಪುವುದು, ಮಾತು ತೊದಲುವುದು ಶುರುವಾಗುವುದೂ ಉಂಟು.

ಬದುಕಿ ಮನೆಗೆ ಬಂದ ಮೇಲಿನ ಕಥೆ ಇನ್ನೂ ಸಿಕ್ಕಲು. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದವರ ಕೈಕಾಲು ನೆಟ್ಟಗಿರುತ್ತವೆ. ಆದರೆ ಮೂಗಿಗೆ ವಾಸನೆ ತಿಳಿಯದು, ಸಣ್ಣ ಮಾತಿಗೂ ಕೋಪ ಉಕ್ಕುತ್ತದೆ, ಹೇಳಿದ್ದು ನೆನಪಿರದು, ಹಿಡಿದ ಕೆಲಸ ಮುಗಿಯದು. ಫಿಟ್ಸ್ ಒಂದೆರಡು ವರ್ಷಗಳ ನಂತರವೂ ಶುರುವಾಗಬಹುದು. ಊರಿನವರು ‘ಮಂಕು ಕವಿದಿದೆ’ ಎನ್ನುತ್ತಾರೆ, ಕೆಲವರು ಗಾಳಿ ಸೋಂಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಹೆಂಡತಿ ಮಾತ್ರ ‘ಮೊದಲಿನವರಲ್ಲ’ ಎನ್ನುತ್ತಾಳೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ಅತಿ ನಿಖರವಾದ ರೋಗನಿದಾನ ಅದೇ. ಅದನ್ನು ಬರೆದುಕೊಳ್ಳಲು ಮಾತ್ರ ಯಾವ ನಮೂನೆಯಲ್ಲೂ ಕಾಲಂ ಇರಲಿಲ್ಲ.

ಪರಿಹಾರದ ಕಾನೂನು ಶುರುವಾದದ್ದು ಸತ್ತವರಿಂದ. 1855ರ ಮಾರಕ ಅಪಘಾತಗಳ ಕಾಯ್ದೆ ಸತ್ತವರ ಕುಟುಂಬಕ್ಕೆ ಸಿವಿಲ್ ದಾವೆಯ ಹಕ್ಕು ಕೊಟ್ಟಿತು. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಗಾಯಗೊಂಡ ಕೂಲಿಕಾರನ ಕಡೆ ನೋಡಿತು. ಆದರೆ ನೋಡಿದ್ದು ಅನುಸೂಚಿಯ ಮೂಲಕ. ಹೆಬ್ಬೆರಳು ಹೋದರೆ ಶೇ 30, ಎರಡೂ ಕೈ ಹೋದರೆ ಶೇ 100, ಪೂರ್ತಿ ಕಿವುಡಾದರೆ ಶೇ 100. ಅಲ್ಲಿಯೂ ಮಿದುಳಿಲ್ಲ. 1939ರ ಮೋಟಾರು ವಾಹನ ಕಾಯ್ದೆ ಬಂದು, 1946ರಲ್ಲಿ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯವಾಯಿತು. ಆಗ ನಮ್ಮ ಸೀಮೆಯ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. ಮೂರೂ ಕಡೆಯ ಜನ ಒಂದೇ ರಾಜ್ಯಕ್ಕೆ ಸೇರಿದ 1956ರಲ್ಲೇ ಸಂಸತ್ತು 1939ರ ಕಾಯ್ದೆಗೆ ತಿದ್ದುಪಡಿ ತಂದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. ಇಂದು ನಮ್ಮ ಜಿಲ್ಲಾ ನ್ಯಾಯಾಲಯಗಳ ಆವರಣದಲ್ಲಿ ‘ಎಂವಿಸಿ ಕೇಸು’ ಎಂದು ಕರೆಯಿಸಿಕೊಳ್ಳುವುದರ ಮೂಲ ಅದು.

1982ರಲ್ಲಿ ತಪ್ಪು ಯಾರದೆಂದು ನೋಡದೆ ಕೊಡುವ ಪರಿಹಾರ ಬಂತು: ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500. ಮೊತ್ತ ಅಂದಿನ ಲೆಕ್ಕ, ಬಿಡಿ. ಆದರೆ ಶಾಶ್ವತ ಅಂಗವೈಕಲ್ಯ ಎಂದರೇನು ಎಂದು ವಿವರಿಸುವಾಗ ಶಾಸನ ಕೈಚಾಚಿದ್ದು ದಂಡ ಸಂಹಿತೆಯ ಅದೇ ಹಳೆಯ ಪಟ್ಟಿಗೆ. 1988ರ ಹೊಸ ಕಾಯ್ದೆಯ 142ನೇ ಕಲಮಿನಲ್ಲಿ ಕಣ್ಣು, ಕಿವಿ, ಕೀಲು, ತಲೆ ಅಥವಾ ಮುಖದ ವಿರೂಪ ಇದ್ದವು. ತಲೆ ಹೊರಗಿನಿಂದ ವಿಕಾರವಾದರೆ ಲೆಕ್ಕಕ್ಕೆ ಬರುತ್ತಿತ್ತು, ಒಳಗೆ ಕೆಟ್ಟರೆ ಬರುತ್ತಿರಲಿಲ್ಲ. 1994ರಲ್ಲಿ ಸೂತ್ರದ ಪ್ರಕಾರ ಪರಿಹಾರ ಕೊಡುವ 163ಎ ಕಲಂ ಬಂದಾಗ ಅಂಗವೈಕಲ್ಯದ ಶೇಕಡಾವಾರು 1923ರ ಅನುಸೂಚಿಯ ಪ್ರಕಾರವೇ ಎಂದಾಯಿತು. ದುಡಿಮೆ ಇಲ್ಲದವರ ವರ್ಷದ ಆದಾಯ 15,000 ರೂಪಾಯಿ ಎಂದು ಹಿಡಿಯಬೇಕಿತ್ತು, ವೈದ್ಯಕೀಯ ವೆಚ್ಚಕ್ಕೆ 15,000ದ ಮಿತಿ ಇತ್ತು. ತಲೆಯ ಒಂದು ಶಸ್ತ್ರಚಿಕಿತ್ಸೆಗೂ ಸಾಲದ ದುಡ್ಡು ಅದು. ತಪ್ಪನ್ನು ಸಾಬೀತುಪಡಿಸಿ 166ನೇ ಕಲಂ ಅಡಿ ಹೋದವರಿಗೆ ಮಾತ್ರ ಈ ಕಟ್ಟು ಇರಲಿಲ್ಲ.

ಪಟ್ಟಿಯ ಹಿಡಿತ ಸಡಿಲವಾದದ್ದು 2010ರ ಅಕ್ಟೋಬರ್‌ನಲ್ಲಿ. ಸುಪ್ರೀಂ ಕೋರ್ಟ್ ಅಂದು ಕೊಟ್ಟ ತೀರ್ಪು ವೈದ್ಯರು ಹೇಳುವ ಅಂಗವೈಕಲ್ಯ ಬೇರೆ, ದುಡಿಮೆಯಲ್ಲಾದ ನಷ್ಟ ಬೇರೆ ಎಂದು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಯಿತು; ಅದೇ ಗಾಯವಾದ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಅಂಗ ಯಾವುದು ಎಂಬುದಕ್ಕಿಂತ ಆ ಮನುಷ್ಯ ಏನು ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂಬುದು ಮುಖ್ಯವಾಯಿತು. ಚಿಕಿತ್ಸೆಯನ್ನೇ ಕೊಡದ ವೈದ್ಯರು ಬರೆದುಕೊಡುವ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ಎಚ್ಚರವಿರಲಿ, ಬೇಕಿದ್ದರೆ ವೈದ್ಯಕೀಯ ಮಂಡಳಿಗೆ ಕಳಿಸಿ ಎಂದೂ ಆ ತೀರ್ಪು ನ್ಯಾಯಮಂಡಳಿಗಳಿಗೆ ಹೇಳಿತು.

ಇದರ ಬೆಲೆ ತಿಳಿಯಲು ಒಂದು ಲೆಕ್ಕ ಹಾಕೋಣ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿ, ವಯಸ್ಸು 32, ತಿಂಗಳ ಆದಾಯ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಹಮಾಲಿಗೆ ಸಂಬಳ ಚೀಟಿ ಇರುವುದಿಲ್ಲ. ಹಾಗಾಗಿ ನಮ್ಮಲ್ಲಿ ಲೋಕ ಅದಾಲತ್‌ಗೆಂದು ಮಾಡಿರುವ ಅಂದಾಜು ಆದಾಯದ ಕೋಷ್ಟಕವನ್ನೇ ನ್ಯಾಯಾಲಯಗಳು ಬಳಸುವುದು ರೂಢಿ. 2017ರ ಸಂವಿಧಾನ ಪೀಠದ ತೀರ್ಪಿನಂತೆ ನಲವತ್ತರೊಳಗಿನ ಇಂಥವರಿಗೆ ಮುಂದಿನ ಏಳಿಗೆಯ ಬಾಬ್ತು ಶೇ 40 ಸೇರುತ್ತದೆ. ತಿಂಗಳಿಗೆ 16,800, ವರ್ಷಕ್ಕೆ 2,01,600. ವರ್ಷದ ಆದಾಯವನ್ನು ಗುಣಿಸಬೇಕಾದ, ವಯಸ್ಸಿಗೆ ತಕ್ಕ ಸಂಖ್ಯೆಯೇ ಗುಣಕ; ಅವನಿಗೆ ಅದು 16. ದುಡಿಮೆ ಪೂರ್ತಿ ಹೋಯಿತೆಂದರೆ 32,25,600 ರೂಪಾಯಿ. ಶೇ 30ರಷ್ಟೇ ಹೋಯಿತೆಂದರೆ 9,67,680. ಎರಡರ ನಡುವಿನ ಇಪ್ಪತ್ತೆರಡೂವರೆ ಲಕ್ಷ ನಿಂತಿರುವುದು ವೈದ್ಯರ ಸಾಕ್ಷ್ಯದ ಮೇಲೆ.

ಆ ಸಾಕ್ಷ್ಯವೇ ನಮ್ಮ ಕಡೆ ಕೈಗೆ ಸಿಗದ ವಸ್ತು. ಬಳ್ಳಾರಿಯ ವೈದ್ಯಕೀಯ ಕಾಲೇಜು, ಅಂದರೆ ಇಂದಿನ ವಿಮ್ಸ್, 1961ರಲ್ಲೇ ಶುರುವಾಯಿತು. ರಾಯಚೂರಿನ ರಿಮ್ಸ್ ಬಂದದ್ದು 2007ರಲ್ಲಿ, ಕೊಪ್ಪಳದ ಸಂಸ್ಥೆ 2015ರಲ್ಲಿ. ಇವು ಬಂದ ಮೇಲೂ ತಲೆಪೆಟ್ಟಿನ ಗಾಯಾಳುವಿನ ದಾರಿ ಒಂದೇ ಊರಲ್ಲಿ ಮುಗಿಯುವುದು ಅಪರೂಪ. ಕುಷ್ಟಗಿಯ ಹತ್ತಿರ ಹೆದ್ದಾರಿಯಲ್ಲಿ ಬಿದ್ದವನು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿ. ರಾಯಚೂರಿನವನು ಹೈದರಾಬಾದ್ ಅಥವಾ ಕರ್ನೂಲು. ಸಂಡೂರಿನವನು ಬಳ್ಳಾರಿ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್. ಅದಿರು ಲಾರಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳಲ್ಲಿ ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಗಾಯಗೊಂಡವರ ಕಾಗದಗಳೂ ಹೀಗೆಯೇ ಮೂರು ಊರುಗಳಲ್ಲಿ ಚದುರಿದವು. ಶಸ್ತ್ರಚಿಕಿತ್ಸೆ ಮಾಡಿದ ನರಶಸ್ತ್ರತಜ್ಞರು ಸಾಕ್ಷಿ ಹೇಳಲು ರಾಯಚೂರಿನವರೆಗೆ ಬರುವುದಿಲ್ಲ. ನ್ಯಾಯಾಲಯ ನೇಮಿಸುವ ಕಮಿಷನರ್ ಮೂಲಕ ಅವರಿದ್ದಲ್ಲಿಯೇ ಸಾಕ್ಷ್ಯ ದಾಖಲಿಸಬಹುದು. ಆ ಅರ್ಜಿಯನ್ನು ಹಾಕುವ ವಕೀಲರು ಬೇಕಷ್ಟೇ.

ಹೀಗಾಗಿ ಸ್ಥಳೀಯ ಮೂಳೆ ವೈದ್ಯರು ಬಂದು ನಿಲ್ಲುತ್ತಾರೆ. ಕೈಗೆ ಶೇ 45 ಅಂಗವೈಕಲ್ಯ ಎಂದರೆ ಇಡೀ ದೇಹಕ್ಕೆ ಮೂರನೇ ಒಂದು ಭಾಗ, ಶೇ 15 ಎಂದು ಭಾಗಾಕಾರ ಮಾಡುವ ಅಭ್ಯಾಸ ನಮ್ಮ ನ್ಯಾಯಮಂಡಳಿಗಳಲ್ಲಿ ಬೇರೂರಿದೆ. ಮೂಳೆಗೆ ಹುಟ್ಟಿದ ಲೆಕ್ಕ ಅದು. ನೆನಪು, ಸಿಟ್ಟು, ವಿವೇಕವನ್ನು ಮೂರರಿಂದ ಭಾಗಿಸುವುದು ಹೇಗೆ? ಅವನ್ನು ಅಳೆಯಲು ನರಮನೋವೈಜ್ಞಾನಿಕ ಪರೀಕ್ಷೆಗಳಿವೆ. ನಿಮ್ಹಾನ್ಸ್ ನಮ್ಮ ಜನರಿಗೆ ಹೊಂದುವಂತೆ ಇಂಥ ಪರೀಕ್ಷಾಮಾಲೆಯನ್ನೇ ರೂಪಿಸಿದೆ. ಆ ವರದಿ ಇಲ್ಲದ ಕಡತದಲ್ಲಿ ಏನಾಗುತ್ತದೆ ಎಂಬುದನ್ನು ಊಹಿಸಬಹುದು. ಗಾಯಾಳು ಕಟಕಟೆಗೆ ಬರುತ್ತಾನೆ, ಹೆಸರು ಹೇಳುತ್ತಾನೆ, ಊರು ಹೇಳುತ್ತಾನೆ, ಹೆಬ್ಬೆಟ್ಟೋ ರುಜುವೋ ಹಾಕುತ್ತಾನೆ. ‘ನೋಡಿ, ಆರೋಗ್ಯವಾಗಿದ್ದಾರೆ’ ಎನ್ನುತ್ತಾರೆ ಎದುರು ವಕೀಲರು. ಪೆಟ್ಟು ಜೋರಾಗಿದ್ದರೆ ಅವನ ಪರವಾಗಿ ಹೆಂಡತಿಯೋ ತಾಯಿಯೋ ಅರ್ಜಿ ಹಾಕಲು ಕಾನೂನು ಅವಕಾಶ ಕೊಡುತ್ತದೆ. ಪೆಟ್ಟು ಅಷ್ಟಿಲ್ಲದಿದ್ದರೂ ಅವರ ಸಾಕ್ಷ್ಯವನ್ನು ಹಾಕಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮನೆಯೊಳಗೆ ಏನು ಬದಲಾಯಿತು ಎಂಬುದನ್ನು ಕಂಡವರು ಅವರೇ.

ಮನೆಯೊಳಗೆ ಗಾಯಾಳುವನ್ನು ಆರೈಕೆ ಮಾಡುವ ದುಡಿಮೆಗೆ ಬೆಲೆ ಕಟ್ಟಿದ ತೀರ್ಪು ಬಂದದ್ದು 2020ರ ಫೆಬ್ರುವರಿಯಲ್ಲಿ. ಹರಿಯಾಣದ ಹನ್ನೆರಡು ವರ್ಷದ ಬಾಲಕಿ 2007ರ ಅಪಘಾತದಲ್ಲಿ ತಲೆಗೆ ಪೆಟ್ಟು ತಿಂದು, ಒಂಬತ್ತು ತಿಂಗಳ ಮಗುವಿನ ಬುದ್ಧಿಮಟ್ಟಕ್ಕೆ ಇಳಿದಿದ್ದಳು. ಆಕೆಯನ್ನು ಜೀವಮಾನವಿಡೀ ನೋಡಿಕೊಳ್ಳಲು ಇಬ್ಬರು ಬೇಕೆಂದು ಒಪ್ಪಿದ ಸುಪ್ರೀಂ ಕೋರ್ಟ್, ತಲಾ 5,000ದಂತೆ ತಿಂಗಳಿಗೆ 10,000 ರೂಪಾಯಿಯನ್ನು ಗುಣಕ 18ರಿಂದ ಗುಣಿಸಿ ಆರೈಕೆಗೇ 21,60,000 ರೂಪಾಯಿ ಕೊಟ್ಟಿತು. ಒಟ್ಟು ಪರಿಹಾರ 62 ಲಕ್ಷ ದಾಟಿತು. ಅಲ್ಲಿಯವರೆಗೆ ‘ಪರಿಚಾರಕರ ಖರ್ಚು’ ಎಂದರೆ ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಒಂದಿಷ್ಟು ಸಾವಿರ ಎಂಬುದೇ ವಾಡಿಕೆಯಾಗಿತ್ತು.

ನಮ್ಮ ಸೀಮೆಯ ಗಾಯಾಳುಗಳಲ್ಲಿ ಅನೇಕರಿಗೆ ಇಲ್ಲಿಗೆ ತಲುಪುವ ಮೊದಲೇ ದಾರಿ ಕಟ್ಟಾಗುತ್ತದೆ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಕೂಲಿಗಳು ಹೋಗುವುದು ಗೂಡ್ಸ್ ವಾಹನ, ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ. ಸರಕು ವಾಹನದಲ್ಲಿ ಸುಮ್ಮನೆ ಕುಳಿತು ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿಯಾಗಿದೆ. ಆಗ ತೀರ್ಪು ಮಾಲೀಕನ ಮೇಲೆ ಬೀಳುತ್ತದೆ, ಮಾಲೀಕನ ಆಸ್ತಿ ಆ ಟ್ರ್ಯಾಕ್ಟರ್ ಒಂದೇ. ಬೆಂಗಳೂರಿಗೆ ಗುಳೆ ಹೋಗಿ ಅಲ್ಲಿ ಗಾಯಗೊಂಡವರಿಗೆ ಮಾತ್ರ ಒಂದು ಅನುಕೂಲವಿದೆ: ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಮೇಲ್ಮನವಿಗೂ ಈಗ ಬೆಂಗಳೂರು ಬೇಕಿಲ್ಲ; 2008ರಿಂದ ಬಳ್ಳಾರಿ, ಕೊಪ್ಪಳದವರಿಗೆ ಹೈಕೋರ್ಟಿನ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ ಇದೆ.

ಲೋಕ ಅದಾಲತ್‌ನ ರಾಜಿಯ ಬಗ್ಗೆ ಒಂದು ಮಾತು. ಕಾಲು ಮುರಿದವರಿಗೆ ಅದು ಒಳ್ಳೆಯ ದಾರಿ. ಬೇಗ ದುಡ್ಡು ಕೈಸೇರುತ್ತದೆ. ತಲೆಪೆಟ್ಟಿನವರು ಅವಸರ ಮಾಡಬಾರದು. ಅಲ್ಲಿನ ಆದೇಶಕ್ಕೆ ಮೇಲ್ಮನವಿ ಇಲ್ಲ. ನ್ಯಾಯಮಂಡಳಿಯ ತೀರ್ಪಾದರೂ ಅಷ್ಟೇ, ಒಮ್ಮೆ ಪರಿಹಾರ ನಿಗದಿಯಾದ ಮೇಲೆ ಮುಂದೆ ಫಿಟ್ಸ್ ಬಂತೆಂದು ಹೆಚ್ಚುವರಿ ಕೇಳಲು ಕಾಯ್ದೆಯಲ್ಲಿ ಜಾಗವಿಲ್ಲ ಎಂದು ಸುಪ್ರೀಂ ಕೋರ್ಟಿನ 2002ರ ಇನ್ನೊಂದು ತೀರ್ಪಿನಲ್ಲಿ ತೀರ್ಮಾನವಾಗಿದೆ. ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಡಬಹುದು ಎಂದೂ ಅದೇ ತೀರ್ಪು ಹೇಳಿತ್ತು. ಮುಂದಿನ ಚಿಕಿತ್ಸೆಯ ಅಂದಾಜನ್ನು ಮೊದಲೇ ಕಡತಕ್ಕೆ ಸೇರಿಸಬೇಕಾದದ್ದು ಇದಕ್ಕಾಗಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಅಪಘಾತದ ಮಿದುಳು ಪೆಟ್ಟು ಅದರಲ್ಲಿಯೂ ಪ್ರತ್ಯೇಕವಾಗಿ ಇಲ್ಲ. ನಡೆದಾಟದ ತೊಂದರೆ, ಮಾತಿನ ತೊಂದರೆ, ಮಾನಸಿಕ ಕಾಯಿಲೆ ಎಂದು ಯಾವುದಾದರೊಂದರ ಹೆಸರಿನಲ್ಲಿ ಗುರುತಿನ ಚೀಟಿ ಪಡೆಯಬೇಕು. ಇನ್ನೊಂದು ಕಡೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ 163ಎ ಕಲಮನ್ನೂ ಅದರ ಕೋಷ್ಟಕವನ್ನೂ ತೆಗೆದುಹಾಕಿತು. 2022ರ ಏಪ್ರಿಲ್ 1ರಿಂದ ತಪ್ಪು ನೋಡದೆ ಸಾವಿಗೆ 5 ಲಕ್ಷ, ಭಾರಿ ಗಾಯಕ್ಕೆ ಎರಡೂವರೆ ಲಕ್ಷ ಸಿಗುತ್ತದೆ. ಗುದ್ದಿ ಪರಾರಿಯಾದ ಪ್ರಕರಣದಲ್ಲಿ ಭಾರಿ ಗಾಯಕ್ಕೆ 50,000. ಇಲ್ಲಿಯೂ ಕೀಲಿಕೈ ‘ಭಾರಿ’ ಎಂಬ ಆ ಪದವೇ. 2025ರ ಮೇ ತಿಂಗಳಿನಿಂದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂದಿದೆ.

2019ರ ಅದೇ ತಿದ್ದುಪಡಿ ಅರ್ಜಿ ಸಲ್ಲಿಸಲು ಆರು ತಿಂಗಳ ಗಡುವನ್ನು ಮರಳಿ ತಂದಿತು. 1994ರಲ್ಲಿ ತೆಗೆದುಹಾಕಿದ್ದ ಗಡುವು ಅದು. ವಾರಗಟ್ಟಲೆ ಪ್ರಜ್ಞೆ ಇಲ್ಲದೆ ಮಲಗಿ, ಆಮೇಲೆ ಹೊಸದಾಗಿ ಮಾತು ಕಲಿಯುತ್ತಿರುವವನಿಗೆ ಆರು ತಿಂಗಳು ಎಷ್ಟು ಬೇಗ ಕಳೆಯುತ್ತದೆ ಎಂಬುದನ್ನು ಶಾಸನ ಬರೆದವರು ಯೋಚಿಸಿದಂತಿಲ್ಲ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿ, ಗಡುವು ಮೀರಿತೆಂಬ ಕಾರಣಕ್ಕೆ ನ್ಯಾಯಮಂಡಳಿಗಳು ಅರ್ಜಿ ವಜಾ ಮಾಡಬಾರದು ಎಂದಿದೆ. ಅದು ಮಧ್ಯಂತರ ಆದೇಶವಾದ್ದರಿಂದ, ಗಾಯಾಳು ಇನ್ನೂ ಆಸ್ಪತ್ರೆಯಲ್ಲಿದ್ದರೂ ಮನೆಯವರು ಎಫ್‌ಐಆರ್, ಪಂಚನಾಮೆಯ ನಕಲು, ಡಿಸ್ಚಾರ್ಜ್ ಸಾರಾಂಶ, ಪ್ರತಿ ಸ್ಕ್ಯಾನ್‌ನ ಫಿಲ್ಮ್ ಮತ್ತು ವರದಿಯನ್ನು ಒಂದೆಡೆ ಕೂಡಿಟ್ಟು ಆರು ತಿಂಗಳೊಳಗೇ ಅರ್ಜಿ ಹಾಕಿಬಿಡುವುದು ಕ್ಷೇಮ. ಗಾಯದ ಪ್ರಮಾಣಪತ್ರದಲ್ಲಿ ‘ಸಾದಾ’ ಎಂದಿದ್ದು, ನಂತರದ ಸ್ಕ್ಯಾನ್ ಬೇರೆ ಹೇಳುತ್ತಿದ್ದರೆ, ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ಮೊದಲೇ ಆ ವರದಿಯನ್ನು ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು.